ಮೈಸೂರಿನಿಂದ ವಿಶ್ವ ಓಟಕ್ಕೆ ಹೊರಡುವವರಿಗೆ: ಮದ್ದೂರಿನಲ್ಲೇ ಬಸ್ಸು ಹತ್ತದಂತೆ ಸಿದ್ಧವಾಗುವ ಬಗೆ

‘ಓಡಿಕೊಂಡೇ ಜಗತ್ತು ಸುತ್ತುತ್ತೇನೆ, ಏನೇನು ಬೇಕು ಹೇಳಿ’ ಎಂದು ನನ್ನನ್ನು ಕೇಳಿ ಹೊರಟವರ ಕತೆ ಹೆಚ್ಚುಕಡಿಮೆ ಒಂದೇ. ಅರಮನೆ ಮುಂದೆ ಹಾರ, ಫೋಟೊ. ಮೊದಲ ದಿನವೇ ಮಂಡ್ಯದವರೆಗೆ 45 ಕಿ.ಮೀ. ಎರಡನೇ ದಿನ ಕುಂಟುತ್ತ ಮದ್ದೂರು. ಮೂರನೇ ದಿನ ಬೆಳಗ್ಗೆ ಲಾಡ್ಜಿನ ಮಂಚದಿಂದ ಕಾಲು ಕೆಳಗಿಡಲಾಗದೆ ಫೋನು: “ಸಾರ್, ಈಗೇನ್ ಮಾಡ್ಲಿ?” ಅಷ್ಟು ಹೊತ್ತಿಗೆ ಮಾಡುವಂಥದ್ದೇನೂ ಉಳಿದಿರುವುದಿಲ್ಲ. ಕೆಂಪು ಬಸ್ಸು ಹತ್ತಿ ವಾಪಸ್ ಬರುವುದಷ್ಟೇ.

ಇವರಲ್ಲಿ ಓಡಲು ಬಾರದವರು ಯಾರೂ ಇರಲಿಲ್ಲ. ಮ್ಯಾರಥಾನ್ ಮುಗಿಸಿದವರು, ಭಾನುವಾರ ಒಂದೇ ಏಟಿಗೆ 50 ಕಿ.ಮೀ. ಓಡಿದವರೂ ಇದ್ದರು. ಓಡಿದ ಮರುದಿನ ಮತ್ತೆ ಓಡುವುದು, ಅದರ ಮರುದಿನ ಇನ್ನೊಮ್ಮೆ, ಆ ಅಭ್ಯಾಸ ಮಾತ್ರ ಯಾರಿಗೂ ಇರಲಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನೆಲ್ಲ ಮರುದಿನದ ಬೆಳಗ್ಗೆಯನ್ನು ಲೆಕ್ಕಕ್ಕಿಟ್ಟುಕೊಂಡೇ ಜೋಡಿಸಿದ್ದೇನೆ. ಕ್ರಮ ಹಿಂದೆಮುಂದೆ ಮಾಡಬೇಡಿ. ಮುಖ್ಯವಾಗಿ ವೀಸಾ, ವಿಮಾನದ ಟಿಕೆಟ್‌ಗೆ ದುಡ್ಡು ಸುರಿಯುವುದು ಐದನೇ ಹಂತ ಮುಗಿದ ಮೇಲೆಯೇ.

ಹಂತ 1: ಗುರಿಯನ್ನು ದಿನಕ್ಕೆ ಭಾಗಿಸಿ

ವಿಶ್ವ ಓಟಗಾರರ ಸಂಘ, ಅಂದರೆ ವರ್ಲ್ಡ್ ರನ್ನರ್ಸ್ ಅಸೋಸಿಯೇಷನ್, ಜಗತ್ತು ಸುತ್ತಿದ ಓಟ ಎಂದು ಒಪ್ಪುವ ಕನಿಷ್ಠ ದೂರ 26,232 ಕಿ.ಮೀ. ಕನಿಷ್ಠ ನಾಲ್ಕು ಖಂಡಗಳನ್ನು ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಯವರೆಗೆ ದಾಟಬೇಕು. ಸಮುದ್ರ ಬಂದಲ್ಲಿ ವಿಮಾನ ಹತ್ತಬಹುದು.

ಆಸ್ಟ್ರೇಲಿಯಾದ ಟಾಮ್ ಡೆನಿಸ್ ಸಿಡ್ನಿಯಿಂದ ಹೊರಟು 2013ರಲ್ಲಿ ಈ ದೂರವನ್ನು 622 ದಿನಗಳಲ್ಲಿ ಮುಗಿಸಿದರು. ಭಾಗಿಸಿ ನೋಡಿ, ದಿನಕ್ಕೆ 42 ಕಿ.ಮೀ. ಚಿಲ್ಲರೆ. ಫ್ರಾನ್ಸಿನ ಸರ್ಜ್ ಜಿರಾರ್ 2017ರಲ್ಲಿ ಮುಗಿಸಿದ್ದು 433 ದಿನಗಳಲ್ಲಿ, ಅಂದರೆ ದಿನಕ್ಕೆ 60 ಕಿ.ಮೀ. ಮೇಲೆ. ಮೊದಲ ಸಲ ಹೊರಡುವವರು ಜಿರಾರ್ ಲೆಕ್ಕವನ್ನು ಗೋಡೆಗೆ ಅಂಟಿಸಿಕೊಳ್ಳಬೇಡಿ. ನನ್ನನ್ನು ಕೇಳಿದರೆ ಡೆನಿಸ್ ಲೆಕ್ಕವೂ ಮೊದಲ ತಿಂಗಳಿಗೆ ಜಾಸ್ತಿಯೇ. ದಿನಕ್ಕೆ 30 ಕಿ.ಮೀ., ವಾರಕ್ಕೊಂದು ದಿನ ಪೂರ್ತಿ ವಿಶ್ರಾಂತಿ ಎಂದಿಟ್ಟುಕೊಂಡರೆ ಸುಮಾರು ಎರಡೂಮುಕ್ಕಾಲು ವರ್ಷ. ಈ ಸಂಖ್ಯೆ ಮನೆಯವರಿಗೆ ಮೊದಲೇ ಗೊತ್ತಿರಲಿ. ಹೊರಟ ಆರು ತಿಂಗಳಿಗೆ “ಇನ್ನೂ ಎಷ್ಟು ದಿನವಪ್ಪಾ?” ಎಂದು ಅಮ್ಮ ಕೇಳುವಾಗ ಉತ್ತರವಿಲ್ಲದೆ ಒದ್ದಾಡುವವರೇ ಹೆಚ್ಚು.

ಹಂತ 2: ಹನ್ನೆರಡು ವಾರ, ಬೆನ್ನುಬೆನ್ನಿಗೆ ಓಟ

ಬೇಕಾದ್ದು: ಗಡಿಯಾರ, ಒಂದು ನೋಟ್‌ಬುಕ್ಕು, ತಾಳ್ಮೆ.

ಮೊದಲ ನಾಲ್ಕು ವಾರ ಶನಿವಾರ 15, ಭಾನುವಾರ 15 ಕಿ.ಮೀ. ಮುಂದಿನ ನಾಲ್ಕು ವಾರ ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ, ದಿನಕ್ಕೆ 20. ಕೊನೆಯ ನಾಲ್ಕು ವಾರದಲ್ಲಿ ನಾಲ್ಕು ದಿನ ಸತತವಾಗಿ, ದಿನಕ್ಕೆ 25. ಉಳಿದ ದಿನ ಲಘು ನಡಿಗೆ ಸಾಕು. ಈಗಾಗಲೇ ವಾರಕ್ಕೆ 40 ಕಿ.ಮೀ. ಆದರೂ ಓಡುತ್ತಿರುವವರಿಗೆ ಈ ಲೆಕ್ಕ. ಅಷ್ಟೂ ಇಲ್ಲದವರು ಮೊದಲು ಅಲ್ಲಿಗೆ ಬನ್ನಿ.

25 ನಿಮಿಷ ಓಟ, 5 ನಿಮಿಷ ನಡಿಗೆ, ಇದನ್ನು ಮೊದಲ ಕಿಲೋಮೀಟರಿನಿಂದಲೇ ಪಾಲಿಸಿ. ಸುಸ್ತಾದ ಮೇಲೆ ನಡೆಯುತ್ತೇನೆ ಎನ್ನುವುದು ದೊಡ್ಡ ತಪ್ಪು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ಪರಿಚಯದವರು ಎದುರಾದಾಗ ನಡೆಯಲು ನಾಚಿಕೆಪಟ್ಟು ಓಡುತ್ತಲೇ ಇರುವವರನ್ನು ನೋಡಿದ್ದೇನೆ. ನಾಚಿಕೆ ಆಗುವುದಾದರೆ ಲಿಂಗಾಂಬುಧಿ ಕೆರೆ ಕಡೆ ಹೋಗಿ.

ಇನ್ನೊಂದು ತಪ್ಪು ಚಾಮುಂಡಿ ಬೆಟ್ಟದ ಮೆಟ್ಟಿಲು. ಸಾವಿರ ಮೆಟ್ಟಿಲು ಹತ್ತುವುದು ಒಳ್ಳೆಯದೇ, ಇಳಿಯುವುದು ಮಾತ್ರ ಬೇಡ. ಇಳಿಯುವಾಗಲೇ ತೊಡೆಯ ಸ್ನಾಯು ಹೆಚ್ಚು ಹರಿಯುವುದು, ಮಂಡಿಗೂ ಪೆಟ್ಟು. ಹತ್ತಿ, ತಾಯಿಗೆ ಕೈಮುಗಿದು, ಬಸ್ಸಿನಲ್ಲಿ ಇಳಿದು ಬನ್ನಿ.

ಈ ಹಂತದಲ್ಲಿ ಪಾಸೋ ಫೇಲೋ ಗೊತ್ತಾಗುವುದು ಗಡಿಯಾರದಿಂದ ಅಲ್ಲ, ಮನೆ ಮೆಟ್ಟಿಲಿನಿಂದ. ನಾಲ್ಕು ದಿನ ಓಡಿದ ಮರುಬೆಳಗ್ಗೆ ಮಹಡಿಯಿಂದ ಕಂಬಿ ಹಿಡಿಯದೆ, ಪಕ್ಕಕ್ಕೆ ತಿರುಗದೆ, ನೇರವಾಗಿ ಇಳಿದು ಬರಬೇಕು. ಆಗಲಿಲ್ಲವೋ, ಆ ವಾರವನ್ನೇ ಮತ್ತೊಮ್ಮೆ ಮಾಡಿ.

ಹಂತ 3: ಶೂ ಕೊಳ್ಳುವುದಲ್ಲ, ಲೇಸ್ ಕಟ್ಟುವುದು

ಶೂ ಕೊಳ್ಳಲು ಸಂಜೆ ಹೋಗಿ. ಬೆಳಗ್ಗೆಗಿಂತ ಸಂಜೆ ಪಾದ ಊದಿರುತ್ತದೆ, ದಿನಗಟ್ಟಲೆ ಓಡಿದಾಗ ಇನ್ನೂ ಊದುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಲೇಬೇಕು. ಒಂದೇ ಬಗೆಯ ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸಿ. ಒಂದು ಜೊತೆ 600ರಿಂದ 800 ಕಿ.ಮೀ. ಬಂದರೆ ದೊಡ್ಡದು, ಅಂದರೆ ಇಡೀ ಓಟಕ್ಕೆ ಸುಮಾರು 40 ಜೊತೆ. ಎಲ್ಲವನ್ನೂ ಈಗಲೇ ಕೊಂಡು ರಾಶಿ ಹಾಕಬೇಡಿ. ಮೂರು ತಿಂಗಳಲ್ಲಿ ನಿಮ್ಮ ಪಾದದ ಅಳತೆಯೇ ಬದಲಾಗಬಹುದು.

ಲೇಸಿನ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಮದ್ದೂರಿನಿಂದ ಫೋನ್ ಮಾಡಿದವರಲ್ಲಿ ಅರ್ಧಕ್ಕರ್ಧ ಜನರನ್ನು ಕೆಡವಿದ್ದು ಇದೇ. ಪಾದದ ಮೇಲ್ಭಾಗದಿಂದ ಕಣಕಾಲಿನ ಮುಂಭಾಗಕ್ಕೆ ಹೋಗುವ ಒಂದು ಸ್ನಾಯುಹುರಿ ಇದೆ. ಮೊದಲ ದಿನ ಬಿಗಿಯಾಗಿ ಕಟ್ಟಿದ ಲೇಸು, ಪಾದ ಊದಿದಂತೆ ಅದನ್ನು ಅದುಮುತ್ತ ಹೋಗುತ್ತದೆ. ಎರಡನೇ ದಿನ ಅಲ್ಲಿ ಕೆಂಪಾಗಿ ಬಿಸಿಯಾಗುತ್ತದೆ. ಮೂರನೇ ದಿನ ಬೆರಳಿಟ್ಟು ಪಾದವನ್ನು ಮೇಲೆ ಕೆಳಗೆ ಆಡಿಸಿದರೆ ಒಣಗಿದ ಚರ್ಮವನ್ನು ಉಜ್ಜಿದ ಹಾಗೆ ಒಳಗೆ ಕಿರಕಿರ ಎನ್ನುತ್ತದೆ. ಕಿರಕಿರ ಕೈಗೆ ಸಿಕ್ಕಿತೆಂದರೆ ಆವತ್ತಿನ ಓಟ ಮುಗಿಯಿತು ಎಂದೇ ತಿಳಿಯಿರಿ.

ತಡೆಯುವುದು ಸುಲಭ. ಕಾಲು ಮಡಚುವ ಜಾಗಕ್ಕೆ ಎದುರಾಗುವ ತೂತಿನ ಜೋಡಿಯನ್ನು ಬಿಟ್ಟು ಲೇಸು ಏರಿಸಿ. ಗಂಟು ಹಾಕಿದ ಮೇಲೂ ಎರಡು ಬೆರಳು ಅಡಿಯಲ್ಲಿ ಸಲೀಸಾಗಿ ತೂರಬೇಕು. ಪ್ರತಿ ಹತ್ತು ಕಿಲೋಮೀಟರಿಗೆ ನಿಂತು ಬಿಚ್ಚಿ ಸಡಿಲಿಸಿ ಕಟ್ಟಿ. ಎರಡು ನಿಮಿಷದ ಕೆಲಸ.

ಬೊಬ್ಬೆ ಏಳುವ ಮೊದಲು ಆ ಜಾಗ ಚುರುಗುಟ್ಟುತ್ತದೆ. ‘ಮುಂದಿನ ಊರಲ್ಲಿ ನೋಡೋಣ’ ಎನ್ನದೆ ಅಲ್ಲೇ ಕಲ್ಲಿನ ಮೇಲೆ ಕೂತು, ಕಾಲು ಒರೆಸಿ, ಟೇಪು ಸುತ್ತಿ. ಹತ್ತಿಯ ಸಾಕ್ಸು ಬೇಡ, ಬೆವರು ಹಿಡಿದುಕೊಂಡು ಚರ್ಮವನ್ನು ಮೆತ್ತಗೆ ಮಾಡುತ್ತದೆ. ತೊಡೆಸಂದಿಗೆ ವ್ಯಾಸಲೀನೋ ಕೊಬ್ಬರಿ ಎಣ್ಣೆಯೋ, ಯಾವುದಾದರೂ ನಡೆಯುತ್ತದೆ.

ಹಂತ 4: ತಳ್ಳುಗಾಡಿ

ಜೊತೆಗೆ ಕಾರು ಬರುವಷ್ಟು ದುಡ್ಡಿದ್ದವರು ಈ ಹಂತ ಬಿಟ್ಟು ಮುಂದೆ ಹೋಗಿ. ಉಳಿದವರಿಗೆ ಮೂರು ಚಕ್ರದ, ಮಕ್ಕಳನ್ನು ಕೂರಿಸಿಕೊಂಡು ಓಡುವ ಗಾಡಿಯೇ ಸರಿ. ಬೆನ್ನಿಗೆ ಚೀಲ ಹಾಕಿಕೊಂಡು ಓಡುತ್ತೇನೆ ಎಂದು ಹಟ ಮಾಡಿದವರ ಭುಜ, ಸೊಂಟ ವಾರದಲ್ಲಿ ಕೈಕೊಡುತ್ತದೆ. ವೇಲ್ಸ್‌ನ ರೋಸಿ ಸ್ವೇಲ್ ಪೋಪ್ 2003ರಲ್ಲಿ 57ನೇ ಹುಟ್ಟುಹಬ್ಬದ ದಿನ ಹೊರಟು 2008ರಲ್ಲಿ ಮನೆ ಮುಟ್ಟಿದಾಗ ಎಳೆದು ತಂದದ್ದೂ ಒಂದು ಗಾಡಿಯನ್ನೇ. ಮಲಗುತ್ತಿದ್ದದ್ದೂ ಅದರಲ್ಲೇ.

ಮುಂದಿನ ಚಕ್ರ ತಿರುಗದಂತೆ ಬಿಗಿಯಾಗಿರಬೇಕು. ಕೈಬ್ರೇಕು, ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇವೆರಡೂ ಇಲ್ಲದ ಗಾಡಿ ಕೊಳ್ಳಬೇಡಿ. ಮೊದಲು ಎರವಲು ತಂದು 20 ಕಿಲೋ ಅಕ್ಕಿ ಚೀಲ ಇಟ್ಟು, ಬೆಟ್ಟದ ವಾಹನದ ರಸ್ತೆಯಲ್ಲಿ ಸ್ವಲ್ಪ ದೂರ ಹತ್ತಿ ಇಳಿಸಿ ನೋಡಿ. ಹತ್ತುವಾಗ ಬೆನ್ನು ಹೇಳುತ್ತದೆ, ಇಳಿಯುವಾಗ ಬ್ರೇಕು ಹೇಳುತ್ತದೆ. ಒಂದು ಕೈಯಲ್ಲಿ ತಳ್ಳಿ, ಇನ್ನೊಂದು ಕೈ ಬೀಸುತ್ತಿರಲಿ. ಐದು ನಿಮಿಷಕ್ಕೊಮ್ಮೆ ಕೈ ಬದಲಿಸಿ. ಎರಡೂ ಕೈ ಇಟ್ಟು ಗಾಡಿಗೆ ಒರಗಿಕೊಂಡು ಓಡುವವರಿಗೆ ಸಂಜೆ ಹೊತ್ತಿಗೆ ಕತ್ತು ಹಿಡಿಯುತ್ತದೆ.

ಯಾರೂ ಹೇಳದ ವಿಷಯ: ವಾಲ್ವು. ತೆಳ್ಳಗಿನ, ತುದಿಯಲ್ಲಿ ಪುಟ್ಟ ತಿರುಪು ಇರುವ ವಾಲ್ವಿನ ಟ್ಯೂಬು ಹಾಕಿಸಿಕೊಂಡು ನಾನು ಒಮ್ಮೆ ಬಾಬುರಾಯನಕೊಪ್ಪಲಿನ ಹತ್ತಿರ ಅರ್ಧ ದಿನ ಕೂತಿದ್ದೆ. ಪಂಕ್ಚರ್ ಅಂಗಡಿಯ ಹುಡುಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕೆ ಗಾಳಿ ಎಲ್ಲಿಂದ ಹೊಡೀತಾರಣ್ಣ?” ಎಂದ. ಬೈಕಿನ ಟ್ಯೂಬಿಗಿರುವಂಥ ದಪ್ಪ ವಾಲ್ವು ಹಾಕಿಸಿ. ಆಗ ಪೆಟ್ರೋಲ್ ಬಂಕಿನಿಂದ ಹಿಡಿದು ಯಾವ ದೇಶದ ಗ್ಯಾರೇಜಿನಲ್ಲಾದರೂ ಗಾಳಿ ಸಿಗುತ್ತದೆ. ಯಂತ್ರದ ಗಾಳಿಯನ್ನು ಮಾತ್ರ ಚೂರುಚೂರೇ ಬಿಡಲು ಹೇಳಿ, ಚಿಕ್ಕ ಟ್ಯೂಬು ಪಟ್ ಎಂದು ಹೋಗಿಬಿಡುತ್ತದೆ.

ಹಂತ 5: ಎರಡು ಸುತ್ತು, ಹತ್ತು ದಿನ

ಇಡೀ ಬರಹದಲ್ಲಿ ಇದೊಂದನ್ನು ಮಾಡಿದರೂ ಸಾಕು. ಮೈಸೂರು, ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಮಳವಳ್ಳಿ, ಬನ್ನೂರು, ಮತ್ತೆ ಮೈಸೂರು. ಸುಮಾರು 140 ಕಿ.ಮೀ. ಸುತ್ತು. ಮೊದಲ ಸುತ್ತು ಆರು ದಿನದಲ್ಲಿ, ಊರಿಂದೂರಿಗೆ. ಎರಡನೇ ಸುತ್ತು ನಾಲ್ಕು ದಿನದಲ್ಲಿ, ದಿನಕ್ಕೆ 35ರಂತೆ. ತುಂಬಿದ ಗಾಡಿಯೊಂದಿಗೆ, ನಡುವೆ ರಜೆ ಇಲ್ಲದೆ.

ಕಾಲ: ನವೆಂಬರ್‌ನಿಂದ ಫೆಬ್ರವರಿ. ಮಾರ್ಚ್ ದಾಟಿದ ಮೇಲೆ ಮಂಡ್ಯದ ಬಿಸಿಲಿನಲ್ಲಿ ಪರೀಕ್ಷೆ ಬೇಡ. ಬೆಳಗ್ಗೆ ಐದಕ್ಕೆ ಹೊರಟು ಹತ್ತೂವರೆಗೆ ನೆರಳು ಸೇರಿ. ಉಳಿದದ್ದು ಸಂಜೆ ನಾಲ್ಕರ ಮೇಲೆ, ಕತ್ತಲಾಗುವ ಮೊದಲು.

ಮೊದಲ ದಿನ ಶ್ರೀರಂಗಪಟ್ಟಣದಲ್ಲಿ ನಿಲ್ಲಬೇಕು. 15 ಕಿ.ಮೀ. ಅಷ್ಟೇ. ಎಲ್ಲರೂ ತಪ್ಪುವುದು ಇಲ್ಲೇ. ಬೆಳಗ್ಗೆ ಎಂಟಕ್ಕೇ ಕಾವೇರಿ ದಾಟಿರುತ್ತೀರಿ, ಮೈಯಲ್ಲಿ ಕಸುವಿರುತ್ತದೆ, ‘ಇಷ್ಟಕ್ಕೇ ನಿಲ್ಲುವುದಾ’ ಅನ್ನಿಸುತ್ತದೆ. ನಿಲ್ಲಿ.

ರಸ್ತೆ: ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಕಾಲಿಡಬೇಡಿ. 2023ರ ಆಗಸ್ಟ್‌ನಲ್ಲಿ ಬೈಕು, ಆಟೊಗಳನ್ನೇ ಅಲ್ಲಿಂದ ಹೊರಗಿಟ್ಟರು, ಇನ್ನು ನೀವು ಗಾಡಿ ತಳ್ಳಿಕೊಂಡು ಹೋಗುವುದೆಂತು? ಸರ್ವಿಸ್ ರಸ್ತೆ, ಊರೊಳಗಿನ ಹಳೇ ರಸ್ತೆ ಹಿಡಿಯಿರಿ. ಎದುರಿಗೆ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ಓಡಿ. ರಸ್ತೆ ಅಂಚಿಗೆ ಇಳಿಜಾರಿರುತ್ತದೆ. ದಿನವಿಡೀ ಒಂದೇ ಬದಿ ಓಡಿದರೆ ಒಂದು ಕಾಲು ಗಿಡ್ಡವಾದಂತೆ ಸೊಂಟ ವಾಲುತ್ತದೆ, ವಾಹನವಿಲ್ಲದ ಹಳ್ಳಿ ರಸ್ತೆಯಲ್ಲಿ ಆಗಾಗ ನಡುವಿಗೆ ಬನ್ನಿ.

ಕಬ್ಬಿನ ಟ್ರ್ಯಾಕ್ಟರು ನೋಡಿದರೆ ಓಟ ನಿಲ್ಲಿಸಿ ರಸ್ತೆಯಿಂದಲೇ ಕೆಳಗಿಳಿಯಿರಿ. ಚಾಲಕನಿಗೆ ಟ್ರ್ಯಾಕ್ಟರಿನ ಅಗಲ ಗೊತ್ತು, ಹಿಂದಿನ ಟ್ರೇಲರಿನಿಂದ ಎರಡೂ ಕಡೆ ಮಾರುದ್ದ ಚಾಚಿದ ಕಬ್ಬಿನ ಅಗಲ ಗೊತ್ತಿರುವುದಿಲ್ಲ. ಮುಂಜಾವದ ಮಬ್ಬಿನಲ್ಲಿ ಅದಕ್ಕೆ ದೀಪವೂ ಇರುವುದಿಲ್ಲ. ನಾಲೆ ಏರಿಯ ರಸ್ತೆ ನೋಡಲು ಚೆಂದ, ನೆರಳಿರುತ್ತದೆ. ಆದರೆ ತಡೆಗೋಡೆ ಇಲ್ಲದ ಕಡೆ ಗಾಡಿ ಜಾರಿದರೆ ಜೊತೆಗೆ ಮಣಿಕಟ್ಟಿನ ಪಟ್ಟಿಯೂ ಎಳೆಯುತ್ತದೆ. ಅಂಥಲ್ಲಿ ಪಟ್ಟಿ ಬಿಚ್ಚಿ, ನಡೆದೇ ಹೋಗಿ.

ನಾಯಿ: ಊರಂಚಿನ ಕೋಳಿ ಅಂಗಡಿಗಳ ಹತ್ತಿರ ಬೆಳಗ್ಗೆ ಐದೂವರೆಗೆ ಗುಂಪಾಗಿ ಇರುತ್ತವೆ. ಓಡುವ ಕಾಲು ಕಂಡರೆ ಅಟ್ಟಿಸಿಕೊಂಡು ಬರುತ್ತವೆ. ನಡಿಗೆಗೆ ಇಳಿದು, ಗಾಡಿಯನ್ನು ನಾಯಿಗೂ ನಿಮಗೂ ನಡುವೆ ಇಟ್ಟುಕೊಂಡು ದಾಟಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ.

ಊಟ: ಹೊರಡುವ ಮುನ್ನ ಎರಡು ಬಾಳೆಹಣ್ಣು, ದಾರಿಯಲ್ಲಿ ಅರ್ಧ ಗಂಟೆಗೊಮ್ಮೆ ಏನಾದರೊಂದು ತುತ್ತು. ನಿಂತ ಅರ್ಧ ಗಂಟೆಯೊಳಗೆ ಅನ್ನ ಅಥವಾ ಉಪ್ಪಿಟ್ಟು, ಮೊಸರು. ಮುದ್ದೆ ರಾತ್ರಿಗೆ ಒಳ್ಳೆಯದು, ಓಡುವ ಮುನ್ನ ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುತ್ತದೆ. ಮದ್ದೂರು ವಡೆಯನ್ನು ಎರಡನೇ ಸುತ್ತು ಮುಗಿಯುವವರೆಗೆ ಕಟ್ಟಿಸಿಕೊಳ್ಳಲೂ ಬೇಡಿ. ಬನ್ನೂರು ಕುರಿಯ ಸಾರಿಗೂ ಅದೇ ಮಾತು, ಕಷ್ಟವೇ ಆದರೂ.

ಆರನೇ ದಿನ ಮೈಸೂರಿಗೆ ಬರುತ್ತೀರಲ್ಲ, ಅಂದು ರಾತ್ರಿ ಮನೆಗೆ ಹೋಗಬೇಡಿ. ಊರ ಹೊರಗೆ ಲಾಡ್ಜಿನಲ್ಲೋ ಛತ್ರದಲ್ಲೋ ಮಲಗಿ. ಈ ಸುತ್ತನ್ನು ಹೀಗೆ ಆರಿಸಿದ್ದೇ ಅದಕ್ಕೆ. ಮನೆ ನಾಲ್ಕು ಕಿಲೋಮೀಟರಿನಲ್ಲಿದೆ, ಕಾಲು ನೋಯುತ್ತಿದೆ, ಬೆಳಗ್ಗೆ ಎದ್ದು ಅದೇ ಶ್ರೀರಂಗಪಟ್ಟಣದ ರಸ್ತೆಗೆ ಮುಖ ಮಾಡಬೇಕು. ಮುಂದೆ ಎಲ್ಲೋ ಪರದೇಶದಲ್ಲಿ, ಹತ್ತಿರದ ವಿಮಾನ ನಿಲ್ದಾಣ ನೆನಪಾಗುವ ದಿನಗಳು ಹೀಗೇ ಇರುತ್ತವೆ. ಅಂದು ರಾತ್ರಿ ಮನೆಗೆ ಹೋದ ಯಾರೂ ಏಳನೇ ದಿನ ಹೊರಟದ್ದನ್ನು ನಾನು ಕಂಡಿಲ್ಲ.

ಹಂತ 6: ಎಲ್ಲಿ ನಿಲ್ಲಿಸಬೇಕು

ನೋವೆಲ್ಲ ಒಂದೇ ಅಲ್ಲ. ಓಡಲು ಶುರು ಮಾಡಿದ ಎರಡು ಕಿಲೋಮೀಟರಿಗೆ ಕಡಿಮೆಯಾಗುವ ನೋವು ಸ್ನಾಯುವಿನದು, ಹೋಗಬಹುದು. ಓಡಿದಷ್ಟೂ ಹೆಚ್ಚುವ, ಕಣಕಾಲಿನ ಮೂಳೆಯ ಮೇಲೆ ಒಂದೇ ಬೆರಳಿನಲ್ಲಿ ತೋರಿಸಬಹುದಾದ, ರಾತ್ರಿ ಮಲಗಿದಾಗಲೂ ಇರುವ ನೋವು ಮೂಳೆ ಬಿರುಕಿನದಿರಬಹುದು. ಅಂದೇ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.

ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಬರೀ ನೀರು ಕಡಿಮೆಯಾದದ್ದಲ್ಲ. ಸ್ನಾಯು ಕರಗಿ ಮೂತ್ರಪಿಂಡಕ್ಕೆ ಹೊರೆಯಾಗಿರಬಹುದು. ತಡ ಮಾಡದೆ ಆಸ್ಪತ್ರೆಗೆ ಹೋಗಿ. ನೋವಿನ ಮಾತ್ರೆ ನುಂಗಿ ಓಡುವುದು ಇದೇ ಕಾರಣಕ್ಕೆ ಅಪಾಯ. ಬೆವರಿ ಒಣಗಿದ ಮೈಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೂತ್ರಪಿಂಡಕ್ಕೆ ನೇರ ಪೆಟ್ಟು ಕೊಡುತ್ತವೆ.

ಅತಿಯಾಗಿ ನೀರು ಕುಡಿಯುವುದೂ ತಪ್ಪೇ. ಬರೀ ನೀರು ಕುಡಿಯುತ್ತಲೇ ಹೋದರೆ ರಕ್ತದ ಸೋಡಿಯಂ ಇಳಿಯುತ್ತದೆ. ಉಂಗುರ ಬಿಗಿಯಾಗುವುದು, ತಲೆನೋವು, ವಾಂತಿ, ತೊದಲು ಮಾತು ಇದರ ಗುರುತು. ಬಾಯಾರಿದಷ್ಟು ಕುಡಿಯಿರಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ. ಅದರಂತೆ ಕಾಣುವ ಸಿಹಿ ಪಾನಕದ ಡಬ್ಬಿ ಬೇಡ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಸೋಡಿಯಂ ಕಡಿಮೆ. ಜೊತೆಗೆ ಉಪ್ಪು ಹಾಕಿದ ಏನನ್ನಾದರೂ ತಿನ್ನಿ.

ಹಂತ 7: ಕಾಗದಪತ್ರ

ಭಾರತದಿಂದ ಓಡಿಕೊಂಡೇ ಪಶ್ಚಿಮಕ್ಕೆ ಗಡಿ ದಾಟುವ ಆಸೆ ಬಿಡಿ, ಕರಾವಳಿ ಮುಟ್ಟಿ ವಿಮಾನ ಹತ್ತುವುದೇ ದಾರಿ. ಮಂಗಳೂರು ಕಡೆಗಾದರೆ ಮಡಿಕೇರಿ, ಸಂಪಾಜೆ ಘಾಟಿ. ಪೂರ್ವಕ್ಕಾದರೆ ಬೆಂಗಳೂರು, ಚೆನ್ನೈ. ಗುಂಡ್ಲುಪೇಟೆ, ಬಂಡೀಪುರದ ಮೂಲಕ ಊಟಿಗೆ ಎನ್ನುವ ನಕ್ಷೆ ಹಾಕಬೇಡಿ. ಹುಲಿ ಸಂರಕ್ಷಿತ ಕಾಡಿನೊಳಗೆ ಕಾಲ್ನಡಿಗೆಗೆ ಬಿಡುವುದಿಲ್ಲ.

ಪಾಸ್‌ಪೋರ್ಟ್‌ಗೆ ಮೈಸೂರಿನಲ್ಲೇ ಅರ್ಜಿ ಹಾಕಬಹುದು, 60 ಪುಟದ್ದನ್ನೇ ಕೇಳಿ. ವೀಸಾದ ಕಷ್ಟ ಬೇರೆ ಬಗೆಯದು. ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳಿಗಿಂತ ಮುಂಚೆ ಅರ್ಜಿ ಹಾಕುವಂತಿಲ್ಲ. ಒಳಗೆ ಹೋದ ಮೇಲೆ 180 ದಿನದಲ್ಲಿ 90 ದಿನ ಮಾತ್ರ ಇರಬಹುದು. ಅಂದರೆ ಯುರೋಪನ್ನು ಎರಡನೇ ವರ್ಷಕ್ಕೆ ಇಟ್ಟುಕೊಂಡರೆ ನಡುವೆ ಅರ್ಜಿ ಹಾಕಲೆಂದೇ ಬೆಂಗಳೂರಿಗೆ ಬಂದು ಕೂರಬೇಕಾಗುತ್ತದೆ. ಮೊದಲ ಖಂಡವಾಗಿ ಅದನ್ನೇ ಮುಗಿಸಿ. ಅಮೆರಿಕದ ಪ್ರವಾಸಿ ವೀಸಾ ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷದ್ದು, ಅದನ್ನು ಮೊದಲೇ ಮಾಡಿಸಿಟ್ಟುಕೊಂಡು ಕೊನೆಗೆ ಬಳಸಬಹುದು. ಆಸ್ಟ್ರೇಲಿಯಾದಲ್ಲಿ ಒಂದು ಭೇಟಿಗೆ ಮೂರು ತಿಂಗಳು ಕೊಡುವುದೇ ಹೆಚ್ಚು. ಪರ್ತ್‌ನಿಂದ ಸಿಡ್ನಿಗೆ ಸುಮಾರು 4,000 ಕಿ.ಮೀ., ದಿನಕ್ಕೆ 42ರಂತೆ ಓಡಿದರೂ 95 ದಿನ. ಈ ಐದು ದಿನದ ವ್ಯತ್ಯಾಸವನ್ನು ಇಲ್ಲೇ ಕೂತು ಸರಿಮಾಡಿಕೊಳ್ಳಿ. ಅಲ್ಲಿನ ನಲ್ಲರ್ಬರ್ ಬಯಲಿನಲ್ಲಿ ಒಂದು ಅಂಗಡಿಯಿಂದ ಇನ್ನೊಂದಕ್ಕೆ 180 ಕಿ.ಮೀ. ಇರುವ ಜಾಗವೂ ಇದೆ. ಅಲ್ಲಿ ನೀರನ್ನು ಗಾಡಿಯಲ್ಲೇ ಹೊರಬೇಕು.

ಪೀತಜ್ವರದ ಲಸಿಕೆ ಹಾಕಿಸಿದ ಹತ್ತು ದಿನದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ರೇಬಿಸ್ ಮುಂಜಾಗ್ರತೆ ಲಸಿಕೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಇನ್ನೊಂದು, ಹೊರದೇಶದ ಓಟಗಾರರ ಪಟ್ಟಿ ನೋಡಿ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ತರಿಸಿಕೊಳ್ಳಬೇಡಿ. ಭಾರತದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಹೊರಗೆ ಹೋದ ಮೇಲೆ, ಆ ದೇಶದ ನಿಯಮ ನೋಡಿ ಕೊಳ್ಳಿ.

ಹಂತ 8: ದಾಖಲೆ ಮತ್ತು ಹೊರಡುವ ದಿನ

ಓಡಿಕೊಂಡೇ ಜಗತ್ತು ಸುತ್ತಿದ ಬ್ರಿಟನ್ನಿನ ರಾಬರ್ಟ್ ಗಾರ್ಸೈಡ್ ಹೊಸದಿಲ್ಲಿಯಿಂದ 1997ರಲ್ಲಿ ಹೊರಟು 2003ರಲ್ಲಿ ಅಲ್ಲಿಗೇ ಬಂದು ಮುಟ್ಟಿದರು. ಗಿನ್ನೆಸ್ ಸಾಕ್ಷಿಗಳನ್ನೆಲ್ಲ ಪರಿಶೀಲಿಸಿ ಅದನ್ನು ಒಪ್ಪಿದ್ದು 2007ರಲ್ಲಿ. ನಿಮ್ಮ ಸಾಕ್ಷಿ ಮೊದಲ ದಿನದಿಂದಲೇ ಗಟ್ಟಿಯಾಗಿರಲಿ. ದಿನದ ಜಿಪಿಎಸ್ ದಾಖಲೆಯನ್ನು ಅಂದೇ ರಾತ್ರಿ ಎರಡು ಕಡೆ ಉಳಿಸಿ. ನಿಲ್ಲಿಸಿದ ಜಾಗದಲ್ಲಿ ಮೈಲಿಗಲ್ಲೋ ಅಂಗಡಿ ಬೋರ್ಡೋ ಕಾಣುವಂತೆ ಫೋಟೊ ತೆಗೆಯಿರಿ, ಮರುದಿನ ಅದೇ ಕಲ್ಲಿನಿಂದ ಶುರು ಮಾಡಿ. ಊರಿನ ಒಬ್ಬರಿಂದ ಪುಸ್ತಕದಲ್ಲಿ ದಿನಾಂಕ, ಸಮಯದ ಜೊತೆ ಸಹಿ ಹಾಕಿಸಿ. ಚಹಾ ಅಂಗಡಿಯವರ ಸಹಿಯೂ ಸಹಿಯೇ.

ಹೊರಡುವ ದಿನ ಹಾರ, ಭಾಷಣ ಬೇಕೇ ಬೇಕು ಎಂದರೆ ಹಿಂದಿನ ಸಂಜೆ ಮುಗಿಸಿ. ಬೆಳಗ್ಗೆ ಐದಕ್ಕೆ ಅರಮನೆಯ ಮುಂದೆ ಇಬ್ಬರು ಇದ್ದರೆ ಸಾಕು, ಒಬ್ಬರು ಫೋಟೊಗೆ, ಒಬ್ಬರು ಸಹಿಗೆ. ಬೈಕಿನಲ್ಲಿ ಜೊತೆಗೆ ಬರುವ ಗೆಳೆಯರು ಕೂಗಿ ಹುರಿದುಂಬಿಸಿ ನಿಮ್ಮ ವೇಗ ಕೆಡಿಸುತ್ತಾರೆ. ಅವರನ್ನು ಊರ ಅಂಚಿನಲ್ಲೇ ಕಳಿಸಿ.

ಎಂಟು ಗಂಟೆಗೆ ಶ್ರೀರಂಗಪಟ್ಟಣ. ತಿಂಡಿ ತಿಂದು ರೂಮು ಹಿಡಿಯಿರಿ. ಮಧ್ಯಾಹ್ನವಿಡೀ ಮಾಡಲು ಕೆಲಸವೇ ಇರುವುದಿಲ್ಲ, ಫೋನಿನಲ್ಲಿ ಎಲ್ಲರೂ “ಎಲ್ಲಿದ್ದೀಯಾ, ಮಂಡ್ಯ ದಾಟಿದ್ಯಾ?” ಎಂದು ಕೇಳುತ್ತಾರೆ. ಪಟ್ಟಣದಲ್ಲೇ ಇದ್ದೀನಿ ಎಂದು ಹೇಳಿ, ಸಾಕ್ಸು ಒಗೆದು ಕಿಟಕಿಯ ಸರಳಿಗೆ ಹಾಕಿ, ಕಾಲನ್ನು ದಿಂಬಿನ ಮೇಲಿಟ್ಟು ಮಲಗಿ.